ಒಂದನೇ ಕ್ಲಾಸಿಗೆ ಎಷ್ಟು ಪೀರಿಯಡ್ ಬೈಬಲ್?

ಓದುಗರ ಪತ್ರ: ಕರಾವಳಿಯಲ್ಲಿ ಚರ್ಚ್ ನಡೆಸುವ ಒಂದು ಅನುದಾನಿತ ಕನ್ನಡ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಬಂದಿದ್ದೇನೆ. ಒಂದರಿಂದ ಮೂರನೇ ತರಗತಿವರೆಗೆ ಒಟ್ಟು 41 ಮಕ್ಕಳು. ಅವರಲ್ಲಿ ಕ್ರೈಸ್ತರು 11 ಮಂದಿ, ಉಳಿದವರು ಹಿಂದೂ ಮತ್ತು ಬ್ಯಾರಿ (ಕರಾವಳಿಯ ಮುಸ್ಲಿಂ) ಮನೆಯವರು. ಟೀಚರ್ ಇಬ್ಬರು. ಜೂನ್‌ಗೆ ಮೊದಲು ಈ ಮೂರು ತರಗತಿಗೆ ಹೊಸ ಕಲಿಕಾ ಯೋಜನೆ ಕೊಡಿ ಎಂದು ಆಡಳಿತ ಮಂಡಳಿ ಕೇಳಿದೆ. ನಮ್ಮದು ಕ್ರೈಸ್ತ ಶಾಲೆ ಅಂತ ಗೊತ್ತಾಗಬೇಕಂತೆ, ಮಕ್ಕಳು ಇಂಗ್ಲಿಷ್ ಮೀಡಿಯಂಗೆ ಓಡಿಹೋಗಲೂ ಬಾರದಂತೆ. ನಾನು ಮಾಡಿದ ವೇಳಾಪಟ್ಟಿ ಇದರ ಜೊತೆಗಿದೆ. ನೋಡಿ ಹೇಳುವಿರಾ? (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಸಿಸ್ಟರ್, ನಮಸ್ಕಾರ.

ನಿಮ್ಮ ವೇಳಾಪಟ್ಟಿಯನ್ನು ಮೂರು ಸಲ ಓದಿದೆ. ದಿನಕ್ಕೆ 8 ಪೀರಿಯಡ್, ಒಂದೊಂದು 40 ನಿಮಿಷ. ಮೊದಲನೆಯದು ಬೈಬಲ್, ಎರಡನೆಯದು ಇಂಗ್ಲಿಷ್ ಗ್ರಾಮರ್, ಮೂರನೆಯದು ಜನರಲ್ ನಾಲೆಡ್ಜ್. ಕನ್ನಡದ ಸರದಿ ಬರುವಷ್ಟರಲ್ಲಿ ಮಕ್ಕಳ ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಬೇಜಾರು ಮಾಡ್ಕೋಬೇಡಿ, ಇದು ಆಡಳಿತ ಮಂಡಳಿಗೆ ತೋರಿಸಲು ಮಾಡಿದ ಪಟ್ಟಿ. ಆರು ವರ್ಷದ ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾಡಿದ್ದಲ್ಲ.

ನಾನೂ ಇಂಥದ್ದೇ ಒಂದು ಶಾಲೆಯಲ್ಲಿ ಓದಿದವನು. ನಮ್ಮದು ತುಳು ಮಾತಾಡುವ ಮನೆ. ವಾರಕ್ಕೆ ಎರಡು ದಿನ ಕೊಂಕಣಿ ಮಾತಾಡುವ ಕ್ರೈಸ್ತ ಮಕ್ಕಳು ತಮ್ಮ ಧರ್ಮಪಾಠವಾದ ದೊತೊರ್ನ್‌ಗೆ ಎದ್ದು ಪಕ್ಕದ ಕೋಣೆಗೆ ಹೋಗುತ್ತಿದ್ದರು. ನಮಗೆಲ್ಲ ನೀತಿಪಾಠ. ದೊಡ್ಡ ತರಗತಿಗಳಲ್ಲಿ ಅದು ಏನೂ ಅನಿಸುತ್ತಿರಲಿಲ್ಲ. ಆದರೆ ಒಂದನೇ ಕ್ಲಾಸಿನಲ್ಲಿ ನನ್ನ ಬೆಂಚಿನ ಗೆಳೆಯ ಎದ್ದು ಹೋದಾಗ, ಅವನು ಏನೋ ತಪ್ಪು ಮಾಡಿದ್ದಾನೆ, ಹೊಡೆಯಲು ಕರೆದುಕೊಂಡು ಹೋದರು ಅಂತ ಅಂದುಕೊಂಡಿದ್ದೆ. ಅವನು ನಗ್ತಾ ವಾಪಸ್ ಬಂದ. ಆಮೇಲೆ ನನಗೆ ಬಂದದ್ದು ಇನ್ನೊಂದು ಯೋಚನೆ: ಹಾಗಾದರೆ ತಪ್ಪು ಮಾಡಿದವರು ನಾವಾ?

ಅದಕ್ಕೇ ಹೇಳುತ್ತೇನೆ, ಮೂರನೇ ತರಗತಿವರೆಗೆ ಮಕ್ಕಳನ್ನು ಧರ್ಮದ ಲೆಕ್ಕದಲ್ಲಿ ಎಬ್ಬಿಸಿ ಕಳಿಸಬೇಡಿ. ಹೇಗೂ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚ್‌ನಲ್ಲಿ ದೊತೊರ್ನ್ ಇದ್ದೇ ಇರುತ್ತದೆ. ಆ 11 ಮಕ್ಕಳಿಗೆ ಅದು ಸಾಕು. ಕಾನೂನಿನ ಮಾತೂ ಇದೆ. ಸಂವಿಧಾನದ 30ನೇ ವಿಧಿ ಶಾಲೆ ಕಟ್ಟಿ ನಡೆಸುವ ಹಕ್ಕನ್ನು ನಿಮಗೆ ಕೊಟ್ಟಿದೆ, ನಿಜ. ಆದರೆ 28(3)ನೇ ವಿಧಿಯೂ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ, ಮನೆಯವರ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಧರ್ಮಬೋಧನೆಗೋ ಪ್ರಾರ್ಥನೆಗೋ ಕೂರಿಸುವಂತಿಲ್ಲ. ಒಪ್ಪಿಗೆ ಅಂದರೆ ಅಡ್ಮಿಶನ್ ಫಾರಂನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಲ್ಲ. ತಾಯಿಯನ್ನು ಕೂರಿಸಿ ಅವರ ಭಾಷೆಯಲ್ಲಿ ಹೇಳಿ ಕೇಳುವುದು.

ಹಾಗಂತ ಬೈಬಲ್ ಕಥೆಯನ್ನೇ ಬಿಡಿ ಅಂತಲ್ಲ. ಕಥೆ ಹೇಳುವ ಹೊತ್ತಿನಲ್ಲಿ ಅವೂ ಬರಲಿ. ಹುಲಿಗೆ ಮಾತು ಕೊಟ್ಟು ಬಂದ ಹಸುವಿನ ಕಥೆ ಒಂದು ದಿನ, ತಪ್ಪಿಸಿಕೊಂಡ ಕುರಿಯ ಕಥೆ ಇನ್ನೊಂದು ದಿನ, ಬ್ಯಾರಿ ಅಜ್ಜಿ ಹೇಳುವ ಕಥೆ ಮತ್ತೊಂದು ದಿನ. ಕುರಿಯ ಕಥೆ ನಿಮಗೆ ಗೊತ್ತೇ ಇದೆ. ನೂರರಲ್ಲಿ ಒಂದು ಕಾಣೆಯಾಗುತ್ತದೆ, ಕುರುಬ 99ನ್ನು ಬಿಟ್ಟು ಅದನ್ನು ಹುಡುಕಿ ಹೊರಡುತ್ತಾನೆ. ನಮ್ಮ ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಒಬ್ಬ ಎದ್ದು, "ಟೀಚರ್, ಆ ತೊಂಬತ್ತೊಂಬತ್ತನ್ನ ಯಾರು ನೋಡ್ಕೊಂಡ್ರು?" ಅಂದ. "ಸುಮ್ನೆ ಕೂತ್ಕೋ" ಅಂದರು ಟೀಚರ್. ಎಂಥ ಪ್ರಶ್ನೆ ಅದು! ಅರ್ಧ ಗಂಟೆ ಮಾತಾಡಬಹುದಿತ್ತು. ನೂರರಲ್ಲಿ ಒಂದು ಹೋದರೆ ಎಷ್ಟು ಎಂಬ ಲೆಕ್ಕವೂ ಅದರಲ್ಲೇ ಮುಗಿಯುತ್ತಿತ್ತು. ಅಂದ ಹಾಗೆ, ನಮ್ಮ ಮಳೆಯ ಊರಿನ ಮಕ್ಕಳು ಕುರಿ ಕಂಡಿರುವುದೇ ಕಮ್ಮಿ. ಮೊದಲು ಚಿತ್ರ ತೋರಿಸಿ.

ಈಗ ಹೊತ್ತಿನ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇರಲಿ, ಅದರ ಅಳತೆ ಒಳ್ಳೆಯದು. ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಎನ್ನುತ್ತದೆ ಅದು. ದಿನಕ್ಕೆ ನಾಲ್ಕೇ ಗಂಟೆ. ನಿಮ್ಮ ಪಟ್ಟಿಯಲ್ಲಿ ಐದು ಗಂಟೆ ಇಪ್ಪತ್ತು ನಿಮಿಷ ಇದೆ. ಪಠ್ಯಪುಸ್ತಕ ಸರ್ಕಾರದ್ದು, ಅದು ನಿಮ್ಮ ಕೈಯಲ್ಲಿಲ್ಲ. ಆದರೆ ಹೊತ್ತು ನಿಮ್ಮ ಕೈಯಲ್ಲಿದೆ, ಅಲ್ವಾ? ನಾನಾದರೆ ಬೆಳಿಗ್ಗೆ ಅರ್ಧ ಗಂಟೆ ಬರೀ ಮಾತುಕತೆ ಮತ್ತು ಕಥೆಗೆ ಇಡುತ್ತೇನೆ. ಕನ್ನಡಕ್ಕೆ ಒಂದೂವರೆ ಗಂಟೆ, ಲೆಕ್ಕಕ್ಕೆ ಒಂದು ಗಂಟೆ, ಸುತ್ತಮುತ್ತಲಿನ ವಿಷಯಕ್ಕೆ 40 ನಿಮಿಷ, ಇಂಗ್ಲಿಷಿಗೆ 20. ನಾಲ್ಕು ಗಂಟೆ ಆಯಿತು. ಉಳಿದ 80 ನಿಮಿಷ ಹಾಡು, ಚಿತ್ರ, ಆಟ. ಜನರಲ್ ನಾಲೆಡ್ಜ್ ಬೇಡ. ದೇಶಗಳ ರಾಜಧಾನಿ ಬಾಯಿಪಾಠ ಮಾಡುವ ವಯಸ್ಸಲ್ಲ ಅದು.

ಕನ್ನಡಕ್ಕೆ ಅಷ್ಟೊಂದು ಹೊತ್ತು ಯಾಕೆ? ನಿಮ್ಮ 41 ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಎಷ್ಟು ಮಂದಿ ಎಂದು ನೀವು ಬರೆದಿಲ್ಲ. ಬೆರಳಲ್ಲಿ ಎಣಿಸುವಷ್ಟು ಇದ್ದಾರು. ಉಳಿದವರಿಗೆ ಕೊಂಕಣಿ, ತುಳು, ಬ್ಯಾರಿ. ಬೆಕ್ಕಿನ ಚಿತ್ರ ಹಿಡಿದು "ಇದೇನು?" ಅಂದರೆ ಒಬ್ಬಳ ತಲೆಯಲ್ಲಿ ಮಾಜರ್ ಇರುತ್ತದೆ, ಇನ್ನೊಬ್ಬನ ತಲೆಯಲ್ಲಿ ಪುಚ್ಚೆ. ಬಾಯಿ ಮಾತ್ರ ಬಿಡುವುದಿಲ್ಲ. ಗೊತ್ತಿಲ್ಲ ಅಂತಲ್ಲ, ಶಾಲೆಗೆ ಬೇಕಾದ ಹೆಸರು ಗೊತ್ತಿಲ್ಲ ಅಷ್ಟೆ. ಮೊದಲ ಎರಡು ತಿಂಗಳು ಮನೆಯ ಹೆಸರುಗಳನ್ನೂ ಒಪ್ಪಿಕೊಳ್ಳಿ. ಶಿತ್ ಅನ್ನಲಿ, ನುಪ್ಪು ಅನ್ನಲಿ, ಆಮೇಲೆ ಅನ್ನ ತಾನಾಗಿ ಬರುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಊರ ಭಾಷೆ ಕಲಿತೇ ಊರಿಗೆ ಪಾಠ ಹೇಳಿದರು. ಆಮೇಲೆ ಅದೇ ಮಿಶನ್ ಸೇರಿ ಬಂದ ಕಿಟೆಲ್ 1894ರಲ್ಲಿ ನಮಗೊಂದು ನಿಘಂಟನ್ನೇ ಕೊಟ್ಟರು. ಅವರು ಪ್ರಾಟೆಸ್ಟೆಂಟ್, ನೀವು ಕ್ಯಾಥೊಲಿಕ್ ಅಂತ ಪಕ್ಕಕ್ಕೆ ಇಡಬೇಡಿ.

ಲೆಕ್ಕದಲ್ಲೂ ಇದೇ ಕಥೆ. ಕನ್ನಡದಲ್ಲಿ ಇಪ್ಪತ್ತು ಮೊದಲು, ಒಂದು ಆಮೇಲೆ. ತುಳುವಿನಲ್ಲೂ ಹಾಗೇ. ಕೊಂಕಣಿಯ ಎಕ್ವೀಸ್‌ನಲ್ಲಿ ಒಂದು ಮೊದಲು ಬರುತ್ತದೆ, ಇಪ್ಪತ್ತು ಆಮೇಲೆ. ಆ ಮನೆಯ ಮಗು 21 ಎಂದರೆ 12 ಬರೆದರೆ ಆಶ್ಚರ್ಯ ಪಡಬೇಡಿ. ಕೆಂಪು ಪೆನ್ನು ಬದಿಗಿಟ್ಟು ಹತ್ತು ಕಡ್ಡಿಯ ಎರಡು ಕಟ್ಟು, ಬಿಡಿ ಕಡ್ಡಿ ಒಂದು ಕೊಡಿ. ಕೈಗೆ ಗೊತ್ತಾದರೆ ಬಾಯಿಗೂ ಗೊತ್ತಾಗುತ್ತದೆ.

ಇಬ್ಬರು ಟೀಚರ್, ಮೂರು ತರಗತಿ ಎಂದಿರಿ. ಹಾಗಾದರೆ ಹತ್ತಿರದ ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಒಂದು ದಿನ ಹೋಗಿ ಕೂತುಬನ್ನಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ನೆಲದ ಮೇಲೆ ಕೂರುತ್ತಾರೆ, ಪ್ರತಿ ಮಗು ತನ್ನ ಕಾರ್ಡು ಹಿಡಿದು ತನ್ನ ವೇಗದಲ್ಲಿ ಮುಂದೆ ಹೋಗುತ್ತದೆ. ಅಲ್ಲಿ ಅಕ್ಷರವನ್ನು ಅ ಆ ಇ ಈ ಅಂತ ಸಾಲಾಗಿ ಕಲಿಸುವುದಿಲ್ಲ. ಮೊದಲು ರ, ಗ, ಸ, ದ, ಅ. ಐದೇ ಅಕ್ಷರ. ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಬಂದುಬಿಟ್ಟವು ನೋಡಿ. ಜೂನ್‌ನಲ್ಲಿ ಬಂದ ಮಗು ಜುಲೈನಲ್ಲಿ ಗರಗಸ ಓದಿದರೆ ಮನೆಗೆ ಹೋಗಿ ಬಡಗಿ ಮಾವನಿಗೆ ಹೇಳದೆ ಇರುತ್ತದಾ? ಋ ಮತ್ತು ಙ ಕಾಯಲಿ ಬಿಡಿ. ನಲಿ-ಕಲಿಯಲ್ಲಿ ಎಲ್ಲವೂ ಚೆನ್ನಾಗಿದೆ ಅಂತಲ್ಲ. ಎಷ್ಟೋ ಕಡೆ ಕಾರ್ಡು ಹರಿದಿರುತ್ತವೆ, ಟೀಚರ್‌ಗೆ ದಾಖಲೆ ಬರೆಯುವುದರಲ್ಲೇ ಸಾಕಾಗುತ್ತದೆ. ಬೇಕಾದ್ದು ತಗೊಳ್ಳಿ, ಬೇಡದ್ದು ಬಿಡಿ.

ಇಂಗ್ಲಿಷ್ ಗ್ರಾಮರ್ ಮಾತ್ರ ಖಂಡಿತ ಬೇಡ. ಕ್ರಿಸ್‌ಮಸ್ ರಜೆವರೆಗೆ ಕಿವಿ ಮತ್ತು ಬಾಯಿ ಸಾಕು. ಕೂರು, ನಿಲ್ಲು, ಬಾಗಿಲು ತೆಗೆ ಅಂತ ಇಂಗ್ಲಿಷಿನಲ್ಲಿ ಹೇಳಿ ಮಾಡಿಸಿ, ನಾಲ್ಕು ಹಾಡು ಹಾಡಿಸಿ. ಹೋಮ್‌ವರ್ಕ್ ಕೇಳುವ ತಂದೆತಾಯಿಗೆ 2018ರ ಕೇಂದ್ರದ ಸೂಚನೆ ತೋರಿಸಿ. ಒಂದು, ಎರಡನೇ ತರಗತಿಗೆ ಹೋಮ್‌ವರ್ಕ್ ಇಲ್ಲ.

ಇನ್ನು "ಕ್ರೈಸ್ತ ಶಾಲೆ ಅಂತ ಗೊತ್ತಾಗಬೇಕು" ಎಂಬ ಮಾತು. ಅದಕ್ಕೆ ನಿಮ್ಮ ಕೈಯಲ್ಲೇ ಒಂದು ಚಂದದ ದಾರಿ ಇದೆ, ಪಟ್ಟಿಯಲ್ಲಿ ಯಾಕೆ ಕಾಣಲಿಲ್ಲವೋ. ಸೆಪ್ಟೆಂಬರ್ 8ರ ತೆನೆಹಬ್ಬ, ನಿಮ್ಮ ಮೊಂತಿ ಫೆಸ್ತ್. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲೋ ಬುಟ್ಟಿಯಲ್ಲೋ ಹೂವು ತಂದು ಯೇಸುವಿನ ತಾಯಿ ಮರಿಯಮ್ಮನಿಗೆ ಹಾಕುತ್ತಾರೆ. ಆಗಸ್ಟ್ ಕೊನೆಗೆ ಊರೆಲ್ಲ ಹೂವು ಹುಡುಕುವ ಆ ಸಂಭ್ರಮ ನಾನೂ ಕಂಡಿದ್ದೇನೆ. ಗೆಳೆಯನ ಬುಟ್ಟಿಗೆ ಅಂತ ನಮ್ಮ ಬೇಲಿಯ ದಾಸವಾಳ ನಾನೇ ಕದ್ದು ಕೊಟ್ಟಿದ್ದೆ. ಹಬ್ಬದ ಆಸುಪಾಸಿನ ಹದಿನೈದು ದಿನದ ಪಾಠವನ್ನೆಲ್ಲ ಅದರ ಸುತ್ತ ಕಟ್ಟಿ. ಒಂದನೆಯವರು ಹೂವನ್ನು ಬಣ್ಣದ ಪ್ರಕಾರ ಬೇರೆ ಮಾಡಲಿ. ಎರಡನೆಯವರು ಹತ್ತು ಹತ್ತರ ಗುಂಪು ಮಾಡಿ ಎಣಿಸಲಿ. ಮೂರನೆಯವರಿಗೆ ಒಂದೊಂದು ಭತ್ತದ ತೆನೆ ಕೊಡಿ, ಎಷ್ಟು ಕಾಳಿದೆ ನೋಡಲಿ, ನಾಲ್ಕು ಕಾಳು ಬಿತ್ತಲಿ. ಹಬ್ಬದ ದಿನ ಹೊಸ ಭತ್ತದ ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕುತ್ತಾರೆ. ಅವತ್ತು ಮೀನು, ಮಾಂಸ ಇಲ್ಲ. ತರಕಾರಿ ಪದಾರ್ಥ ಮೂರು, ಐದು, ಏಳು ಹೀಗೆ ಬೆಸ ಲೆಕ್ಕದಲ್ಲೇ ಆಗಬೇಕು. ಸಮ, ಬೆಸ ಕಲಿಸಲು ಇದಕ್ಕಿಂತ ಒಳ್ಳೆ ಊಟ ಎಲ್ಲಿ ಸಿಗುತ್ತದೆ? ಆಗ ಹಿಂದೂ ಮನೆಯ ಮಗು ನಮ್ಮಲ್ಲೂ ಕಂಬಕ್ಕೆ ತೆನೆ ಕಟ್ಟುತ್ತಾರೆ, ಹೊಸ ಅಕ್ಕಿ ಊಟ ಮಾಡುತ್ತಾರೆ ಅನ್ನುತ್ತದೆ. ಬ್ಯಾರಿ ಮನೆಯ ಮಗು ನಮ್ಮ ಗದ್ದೆಯಲ್ಲೂ ಕೊಯ್ಲು ಆಯಿತು ಅನ್ನಬಹುದು. ಯಾರನ್ನೂ ಪಕ್ಕದ ಕೋಣೆಗೆ ಕಳಿಸಬೇಕಾಗಿಲ್ಲ. ಆಡಳಿತ ಮಂಡಳಿಯವರನ್ನು ಆ ವಾರ ಶಾಲೆಗೆ ಕರೆಯಿರಿ.

ಕೊನೆಗೊಂದು ಸಣ್ಣ ವಿಷಯ. ನಿಮ್ಮ ಪಟ್ಟಿಯಲ್ಲಿ ಊಟಕ್ಕೆ ಮೊದಲು ಇರುವುದು ಒಂದೇ ಬಿಡುವು. ಒಂದನೇ ಕ್ಲಾಸಿನವರಿಗೆ ಅದು ಸಾಲದು. ಜೂನ್ ಮೊದಲ ವಾರ ಬೆಳಗಿನ ಪ್ರಾರ್ಥನೆಯ ಮಧ್ಯೆ ನನ್ನ ಖಾಕಿ ಚಡ್ಡಿ ಒದ್ದೆಯಾಗಿತ್ತು. ತಡೆಯಲಾಗಲಿಲ್ಲ ಅನ್ನುವುದಕ್ಕಿಂತ ಕೇಳಲಾಗಲಿಲ್ಲ. ಅದನ್ನು ಕನ್ನಡದಲ್ಲಿ ಏನನ್ನುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ, ತುಳುವಿನಲ್ಲಿ ಕೇಳಿದರೆ ಬೈಸಿಕೊಳ್ಳಬೇಕಿತ್ತು. ಆ ಒಂದು ಮಾತನ್ನು ನಿಮ್ಮ ಇಬ್ಬರು ಟೀಚರ್‌ಗಳು ನಾಲ್ಕೂ ಭಾಷೆಯಲ್ಲಿ ಕಲಿತುಕೊಂಡಿರಲಿ. ಶಾಲೆ ಶುರುವಾಗುವ ಮೊದಲೇ.