“ಯಾವಾಗ?” ಎಂದು ಎಲ್ಲರೂ ಕೇಳಿದ್ದರು

ಮಗುವಿನ ವಿಚಾರವಾಗಿ ಸಲಹೆ ಕೇಳಲು ನನ್ನ ಬಳಿ ಬಂದ ನಂದಿನಿ (ಹೆಸರು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ) ಕೂರುವ ಮೊದಲೇ ಬ್ಯಾಗಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಎಷ್ಟು ಸಲ ಬಿಚ್ಚಿ ಮಡಚಿದ್ದರೋ, ಮಡಿಕೆಗಳು ಹರಿಯತೊಡಗಿದ್ದವು. ಎಎಂಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆಯ ರಿಪೋರ್ಟ್. ವೈದ್ಯರನ್ನು ಕೇಳದೆ ತಾವೇ ಮಾಡಿಸಿಕೊಂಡದ್ದು. ಅಂಕಿಯ ಸುತ್ತ ಕೆಂಪು ಪೆನ್ನಿನ ಗೆರೆ.

“ನನಗಿನ್ನು ಮಕ್ಕಳಾಗಲ್ಲ ಅಲ್ವಾ?”

ವಯಸ್ಸು 33. ಮದುವೆಯಾಗಿ ಐದು ವರ್ಷ. ಆಫೀಸಿನಲ್ಲಿ ಹದಿನೆಂಟು ತಿಂಗಳ ದೊಡ್ಡ ಜವಾಬ್ದಾರಿಯೊಂದು ಆಗಷ್ಟೇ ಕೈಗೆ ಬಂದಿತ್ತು, ಮುಗಿಸಿದರೆ ಬಡ್ತಿ. ರಿಪೋರ್ಟ್ ಬಂದ ಮೂರು ವಾರದಿಂದ ಸರಿಯಾಗಿ ನಿದ್ದೆಯಿಲ್ಲ. ಗಂಡನಿಗೆ ತೋರಿಸಿಯೇ ಇರಲಿಲ್ಲ.

ಮೊದಲು ಆ ಕಾಗದವನ್ನೇ ಕೈಗೆತ್ತಿಕೊಂಡೆವು. ಅಂಡಾಶಯದಲ್ಲಿ ಅಂಡಾಣುಗಳ ಸಂಗ್ರಹ ಸುಮಾರು ಎಷ್ಟಿದೆ ಎಂಬುದನ್ನಷ್ಟೇ ಎಎಂಎಚ್ ಸೂಚಿಸುತ್ತದೆ. ಅವುಗಳ ಗುಣಮಟ್ಟವನ್ನಲ್ಲ. ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡುವ ವೈದ್ಯರಿಗೆ ಔಷಧದ ಪ್ರಮಾಣ ನಿರ್ಧರಿಸಲು ಅದು ಬೇಕಾಗುತ್ತದೆ. ಮಗುವಿಗಾಗಿ ಇನ್ನೂ ಪ್ರಯತ್ನವನ್ನೇ ಮಾಡದ ಹೆಣ್ಣಿಗೆ ಸಹಜವಾಗಿ ಗರ್ಭ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಅದು ಹೇಳಲಾರದು. ಸಂಗ್ರಹ ಹೆಚ್ಚಿರಲಿ ಕಡಿಮೆಯಿರಲಿ, ತಿಂಗಳಿಗೆ ಬಿಡುಗಡೆಯಾಗುವುದು ಸಾಮಾನ್ಯವಾಗಿ ಒಂದೇ ಅಂಡಾಣು ತಾನೇ. ಇಂಥ ಅಂಕಿಯನ್ನು ವಿವರಿಸಿ ಹೇಳುವವರಿಲ್ಲದೆ ಒಬ್ಬರ ಕೈಗಿಡುವುದು ಕ್ರೌರ್ಯ ಎಂದೇ ನಾನು ಭಾವಿಸುತ್ತೇನೆ.

ಹಾಗೆಂದು ಸುಳ್ಳು ಸಮಾಧಾನವನ್ನೂ ಹೇಳಲಿಲ್ಲ. ಹೆಣ್ಣಿನ ಫಲವತ್ತತೆ 32ರ ಆಸುಪಾಸಿನಿಂದ ನಿಧಾನಕ್ಕೆ ತಗ್ಗುತ್ತಾ, 37ರ ನಂತರ ಬೇಗ ಬೇಗ ಇಳಿಯುತ್ತದೆ. ಮೂವತ್ತರ ಆರಂಭದವರೆಗೆ ಒಂದು ಋತುಚಕ್ರದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. 40ರ ಹೊತ್ತಿಗೆ ಹತ್ತರಲ್ಲಿ ಒಂದು. ಅಂಡಾಣು ಶೈತ್ಯೀಕರಣದ (ಅಂಡಾಣುಗಳನ್ನು ಹೊರತೆಗೆದು ಮುಂದಕ್ಕೆಂದು ಹೆಪ್ಪುಗಟ್ಟಿಸಿ ಇಡುವುದು) ಬಗ್ಗೆಯೂ ಕೇಳಿದರು. ಅಮೆರಿಕದ ಸಂತಾನೋತ್ಪತ್ತಿ ತಜ್ಞರ ಸಂಘ 2012ರಲ್ಲೇ ಅದರ ಮೇಲಿದ್ದ ‘ಪ್ರಾಯೋಗಿಕ’ ಎಂಬ ಹಣೆಪಟ್ಟಿ ತೆಗೆದಿದೆ. ಆದರೆ ಶೈತ್ಯೀಕರಿಸಿದ ಅಂಡಾಣುಗಳೆಲ್ಲ ಕರಗಿಸುವಾಗ ಉಳಿಯುವುದಿಲ್ಲ, ಉಳಿದವೆಲ್ಲ ಮಗುವಾಗುವುದಿಲ್ಲ. ಅದನ್ನು ವಿಮೆಯಂತೆ ನೆಚ್ಚಿ ಕೂರಬೇಡಿ ಎಂದೆ.

ಆಮೇಲೆ ಕೇಳಿದೆ: “ನಿಮಗೆ ಮಗು ಬೇಕಾ?”

ನಂದಿನಿ ಬಹಳ ಹೊತ್ತು ಸುಮ್ಮನಿದ್ದರು. ಕಾಗದವನ್ನು ಮತ್ತೆ ಮಡಚಿದರು. “ಎಲ್ಲರೂ ಯಾವಾಗ ಅಂತ ಕೇಳ್ತಾರೆ. ಬೇಕಾ ಅಂತ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.” ಕಣ್ಣು ತುಂಬಿತ್ತು. ಆ ದಿನ ಉತ್ತರಕ್ಕಾಗಿ ಒತ್ತಾಯಿಸಲಿಲ್ಲ. ಮುಂದಿನ ಸಲ ಗಂಡನನ್ನೂ ಕರೆತನ್ನಿ, ಅಷ್ಟರಲ್ಲಿ ಇಬ್ಬರೂ ಬೇರೆ ಬೇರೆ ಕೂತು ಯೋಚಿಸಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಬರೆದು ತನ್ನಿ ಎಂದೆ.

ಎರಡು ವಾರದ ಬಳಿಕ ಇಬ್ಬರೂ ಬಂದರು. ಚೀಟಿಗಳಲ್ಲಿ ಇಬ್ಬರೂ ‘ಬೇಕು’ ಎಂದೇ ಬರೆದಿದ್ದರು. ಆದರೆ ನಂದಿನಿಯವರದು ‘ಒಂದು’, ಗಂಡನದು ‘ಎರಡು’. ಐದು ವರ್ಷದಲ್ಲಿ ಈ ಮಾತು ಬಂದೇ ಇರಲಿಲ್ಲವಂತೆ. ಲೆಕ್ಕ ಶುರುವಾಗಬೇಕಾದದ್ದೇ ಇಲ್ಲಿಂದ. ಒಂದೇ ಮಗು ಎಂದಾದರೆ ಹದಿನೆಂಟು ತಿಂಗಳು ಕಾಯುವುದು ಬೇರೆ. ಎರಡು ಎಂದಾದರೆ ಎರಡನೆಯದರ ಹೊತ್ತಿಗೆ ವಯಸ್ಸೆಷ್ಟು ಎಂದು ಹಿಂದಕ್ಕೆ ಎಣಿಸಿಕೊಂಡು ಬರಬೇಕು. 35ರೊಳಗಿದ್ದರೆ ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದಾಗ ವೈದ್ಯರ ಬಳಿ ಹೋಗಬೇಕು. 35 ದಾಟಿದರೆ ಆರು ತಿಂಗಳಷ್ಟೇ ಕಾಯಬೇಕು.

ಗಂಡನಿಗೂ ಒಂದು ಮಾತು ಹೇಳಿದೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಸಿಗರೇಟು ಬಿಡುವುದಾದರೆ ಇವತ್ತೇ ಬಿಡಿ ಎಂದೆ. ಅವರು ಹೆಂಡತಿಯತ್ತ ತಿರುಗಿ, “ಆ ರಿಪೋರ್ಟ್ ನನಗೂ ತೋರಿಸಬಹುದಿತ್ತಲ್ಲ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಕಾಯುವ ಅವಧಿಯ ಗರ್ಭನಿರೋಧಕದ ಬಗ್ಗೆ ಇಬ್ಬರಿಗೂ ಗೊಂದಲವಿತ್ತು. ಮಾತ್ರೆ ತಿಂದರೆ ಮುಂದೆ ಬಸಿರಾಗುವುದಿಲ್ಲ ಎಂಬ ಹೆದರಿಕೆಯಿಂದ ನಂದಿನಿ ನಿತ್ಯದ ಮಾತ್ರೆ ಬಿಟ್ಟು ಆಗಾಗ ತುರ್ತು ಮಾತ್ರೆ ನುಂಗುತ್ತಿದ್ದರು. ನಿತ್ಯದ ಮಾತ್ರೆ ನಿಲ್ಲಿಸಿದ ಮೇಲೆ, ಕಾಪರ್-ಟಿ ತೆಗೆಸಿದ ಮೇಲೆ ಫಲವತ್ತತೆ ಬೇಗನೆ ಮರಳುತ್ತದೆ. ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಮಾತ್ರ ಹಾಗಲ್ಲ. ನಿಲ್ಲಿಸಿದ ನಂತರವೂ ಹಲವು ತಿಂಗಳು ತಡವಾಗಬಹುದು. ಇವರ ಅವಸರಕ್ಕೆ ಅದು ಹೊಂದದು. ಯಾವುದು ಸರಿ ಎಂಬುದನ್ನು ಸ್ತ್ರೀರೋಗ ತಜ್ಞರೇ ನೋಡಿ ಹೇಳಲಿ ಎಂದು ಕಳಿಸಿದೆ. ಥೈರಾಯ್ಡ್, ಸಕ್ಕರೆ, ರುಬೆಲ್ಲಾ ಪರೀಕ್ಷೆಯೂ ಆಗಲಿ, ಪ್ರಯತ್ನ ಶುರುಮಾಡುವುದಕ್ಕೆ ಒಂದು ತಿಂಗಳಾದರೂ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರಲಿ ಎಂದೂ ಹೇಳಿದೆ.

ಕೊನೆಗೆ ಅವರೇ ಒಂದು ನಿರ್ಧಾರಕ್ಕೆ ಬಂದರು: ಹದಿನೆಂಟಲ್ಲ, ಒಂಬತ್ತು ತಿಂಗಳು ಕಾಯುವುದು. ಕೆಲಸದ ಕಷ್ಟದ ಭಾಗ ಅಷ್ಟರಲ್ಲಿ ಮುಗಿಯುತ್ತದೆ, ಗರ್ಭಿಣಿಯಾಗಿ ಉಳಿದದ್ದನ್ನು ಮಾಡಬಲ್ಲೆ ಎಂದು ನಂದಿನಿಯವರೇ ಎಣಿಸಿ ಹೇಳಿದರು. ಒಂದೋ ಎರಡೋ ಎಂಬುದು ಮೊದಲನೆಯದಾದ ಮೇಲೆ.

ಕಾಯುವ ಆ ಒಂಬತ್ತು ತಿಂಗಳಲ್ಲಿ ಏಳನೆಯದಕ್ಕೆ ಇಬ್ಬರೂ ಮತ್ತೆ ಬರಲಿದ್ದಾರೆ. ಅಷ್ಟರಲ್ಲಿ ಮನಸ್ಸು ಬದಲಾಗಿ ಬೇಡವೆನ್ನಿಸಿದರೆ, ಅದನ್ನು ಹೇಳಲಿಕ್ಕಾದರೂ ಬನ್ನಿ ಎಂದಿದ್ದೇನೆ.