ಮೂರನೇ ಹಾಡಿಗೇ ಮಂಗಳ

ನಮಸ್ಕಾರ.

ನಿಮ್ಮ ‘ರೋರಿ ಇದ್ದಿದ್ದರೆ’ ಲೇಖನ ತಲುಪಿತು. ಐರ್ಲೆಂಡಿನ ಬ್ಲೂಸ್ ರಾಕ್ ಗಿಟಾರ್ ವಾದಕ ರೋರಿ ಗ್ಯಾಲಹರ್ 1995ರಲ್ಲಿ, 47ನೇ ವಯಸ್ಸಿಗೇ ಹೋಗಿಬಿಟ್ಟರು. ಅವರು ಒಂದು ರಾತ್ರಿಯ ಮಟ್ಟಿಗೆ ವಾಪಸ್ ಬಂದು ಬೆಲ್‌ಫಾಸ್ಟ್‌ನ ಅಲ್‌ಸ್ಟರ್ ಹಾಲ್‌ನಲ್ಲಿ ನುಡಿಸಿದರೆ ಯಾವ ಹಾಡಾದ ಮೇಲೆ ಯಾವುದು ಬರಬೇಕು ಅಂತ ಹದಿನಾರು ಹಾಡುಗಳ ಪಟ್ಟಿ ಮಾಡಿದ್ದೀರಿ. ಕನ್ನಡದಲ್ಲಿ ಇಂಥದ್ದನ್ನು ಬರೆಯುವವರು ಕಡಿಮೆ, ಸಂತೋಷ. ಉತ್ತರ ಐರ್ಲೆಂಡಿನ ಗಲಭೆಯ ದಿನಗಳಲ್ಲಿ, ಬಾಂಬಿಗೆ ಹೆದರಿ ಎಷ್ಟೋ ಬ್ಯಾಂಡುಗಳು ಬೆಲ್‌ಫಾಸ್ಟ್ ಕಡೆ ತಲೆ ಹಾಕದಿದ್ದ ಕಾಲದಲ್ಲೂ ರೋರಿ ಅಲ್ಲಿಗೆ ಹೋಗಿ ನುಡಿಸುತ್ತಿದ್ದರು. ಹಾಗಾಗಿ ಜಾಗವನ್ನೂ ಸರಿಯಾಗಿ ಆರಿಸಿದ್ದೀರಿ. ಹೊಗಳಿಕೆ ಇಲ್ಲಿಗೆ ಸಾಕು, ಈಗ ಜಗಳಕ್ಕೆ ಬರುತ್ತೇನೆ.

ನಿಮ್ಮ ಮೊದಲ ವಾಕ್ಯ: ‘ಮಿರಮಿರ ಮಿನುಗುವ ಗಿಟಾರ್ ಹಿಡಿದು ರೋರಿ ವೇದಿಕೆಗೆ ಬಂದಾಗ ಇಡೀ ಸಭಾಂಗಣ ಸ್ತಬ್ಧವಾಯಿತು.’

ಮಿನುಗುವ ಗಿಟಾರಾ? 1963ರಲ್ಲಿ ಕಾರ್ಕ್ ಊರಿನ ಅಂಗಡಿಯಿಂದ ಹದಿನೈದರ ಹುಡುಗ ಸಾಲದ ಮೇಲೆ ತಂದ ಫೆಂಡರ್ ಸ್ಟ್ರಾಟೋಕಾಸ್ಟರ್ ಅದು. 1961ರ ಮಾಡೆಲ್, ಬೆಲೆ ಸುಮಾರು 100 ಪೌಂಡ್. ಕೊನೆಯವರೆಗೂ ಅದನ್ನು ಬಿಡಲಿಲ್ಲ. ಬೆವರಿಗೆ, ಉಜ್ಜಾಟಕ್ಕೆ ಬಣ್ಣ ಬಹುಪಾಲು ಎದ್ದುಹೋಗಿ ಮರವೇ ಕಾಣುತ್ತಿತ್ತು, ಹಳೇ ಮನೆಯ ಹೊಸ್ತಿಲಿನ ಹಾಗೆ. ರೋರಿ ಅಂದರೆ ಮೊದಲು ಕಣ್ಣಿಗೆ ಬರುವುದೇ ಚೌಕಳಿ ಅಂಗಿ ಮತ್ತು ಆ ಬೋಳು ಗಿಟಾರ್. ನೀವು ಅದಕ್ಕೆ ಪಾಲಿಶ್ ಹೊಡೆಸಿಬಿಟ್ಟಿದ್ದೀರಿ! ಇನ್ನು ‘ಸ್ತಬ್ಧ’. ಬೆಲ್‌ಫಾಸ್ಟ್‌ನ ಹುಡುಗರು ರೋರಿಯನ್ನು ಕಂಡು ಸುಮ್ಮನಾಗೋದೇ? ಸೂರು ಹಾರಿಹೋಗುವ ಹಾಗೆ ಕೂಗುತ್ತಾರೆ. ಅಲ್ಲಿನ ಒಂದು ರೆಕಾರ್ಡಿಂಗ್ ಹಾಕಿಕೊಂಡು ಜನರ ಗದ್ದಲವನ್ನಷ್ಟೇ ಕೇಳಿ ನೋಡಿ.

ಪಟ್ಟಿಗೆ ಬರೋಣ. ಒಂದು, ‘ಶ್ಯಾಡೋ ಪ್ಲೇ’. ಎರಡು, ‘ವಾಕ್ ಆನ್ ಹಾಟ್ ಕೋಲ್ಸ್’. ಮೂರು, ‘ಬುಲ್‌ಫ್ರಾಗ್ ಬ್ಲೂಸ್’. ನಿಮಗೆ ಇಷ್ಟವಾದವನ್ನೆಲ್ಲ ಮೊದಲೇ ಬಾಚಿ ತಟ್ಟೆಗೆ ಹಾಕಿಕೊಂಡ ಹಾಗಿದೆ. ಎರಡನೆಯದು 1974ರ ಲೈವ್ ಆಲ್ಬಮ್ ‘ಐರಿಷ್ ಟೂರ್’ನಲ್ಲಿ ಹತ್ತು ನಿಮಿಷ ದಾಟುತ್ತದೆ. ಡ್ರಮ್ಮರ್‌ಗೂ ಉಸಿರು ಬೇಕಲ್ವಾ? ಮೂರನೆಯದಂತೂ 1972ರ ‘ಲೈವ್ ಇನ್ ಯೂರೋಪ್’ನ ಕಟ್ಟಕಡೆಯ ಹಾಡು. ಅದು ಮುಗಿದರೆ ಜನ ಚಪ್ಪಲಿ ಹುಡುಕಬೇಕು. ನೀವು ಮೂರನೇ ಹಾಡಿಗೇ ಮಂಗಳ ಹಾಡಿಸಿದ್ದೀರಿ. ನಮ್ಮ ಕಛೇರಿಯಲ್ಲಿ ವರ್ಣದಿಂದ ಯಾಕೆ ಶುರು ಮಾಡುತ್ತಾರೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕೈ ಬಿಸಿಯಾಗಬೇಕು, ಕೇಳುವವರ ಕಿವಿಯೂ ಕೂರಬೇಕು. ‘ಐರಿಷ್ ಟೂರ್’ ಶುರುವಾಗುವುದು ‘ಕ್ರೇಡಲ್ ರಾಕ್’ನಿಂದ. ಅದನ್ನು ನೀವು ಹದಿನಾಲ್ಕಕ್ಕೆ ತಳ್ಳಿದ್ದೀರಿ.

ಆರನೆಯದು ‘ಎ ಮಿಲಿಯನ್ ಮೈಲ್ಸ್ ಅವೇ’. ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಇಲ್ಲಿ. ‘ಕಲ್ಲನ್ನೂ ಕರಗಿಸುವ, ಮಂತ್ರಮುಗ್ಧಗೊಳಿಸುವ ಗೀತೆ’ ಅಂತ ಬರೆದು ಏಳಕ್ಕೆ ಹಾರಿದ್ದೀರಿ. ಆ ಹಾಡಿನಲ್ಲಿ ಇರೋದೇನು? ಒಂದು ಹೋಟೆಲ್ ಬಾರ್, ತುಂಬಾ ಜನ. ಪಿಯಾನೋದವನು ಜೋರಾಗಿ ಬಾರಿಸುತ್ತಿದ್ದಾನೆ. ಮುದಿ ಬಾರ್‌ಟೆಂಡರ್‌ಗೇ ಅಮಲೇರಿದೆ. ಇಷ್ಟೆಲ್ಲದರ ನಡುವೆ ಒಬ್ಬ ಮಾತ್ರ ಅಲ್ಲಿಲ್ಲ, ಕೂತಲ್ಲೇ ಎಲ್ಲೋ ಹೋಗಿಬಿಟ್ಟಿದ್ದಾನೆ. ಇದರಲ್ಲಿ ಅರ್ಧ ಹೇಳಿದ್ದರೂ ಓದುವವನಿಗೆ ಹಾಡು ಕೇಳಿಸುತ್ತಿತ್ತು. ಕಲ್ಲು ಕರಗಿಸುವ ಕೆಲಸ ನಿಮಗೆ ಯಾರು ಹೇಳಿದ್ದರು?

ಈ ‘ಮಂತ್ರಮುಗ್ಧ’ಕ್ಕೂ ನನಗೂ ಹಳೇ ಲೆಕ್ಕ ಇದೆ. ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಗಣಪತಿ ಹಬ್ಬದ ರಸಮಂಜರಿ ನೋಡಿಕೊಂಡು ಬಂದು ಒಂದು ಪುಟ ಬರೆದೆ. ‘ಗಾಯಕರು ಪ್ರೇಕ್ಷಕರನ್ನು ಮಂತ್ರಮುಗ್ಧಗೊಳಿಸಿದರು’ ಅಂತಲೇ ಮುಗಿಸಿದ್ದೆ. ಡೆಸ್ಕಿನ ಹಿರಿಯರೊಬ್ಬರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮಂತ್ರಮುಗ್ಧ ಆದಾಂವ ಎಷ್ಟನೇ ಸಾಲಿನಾಗ ಕುಂತಿದ್ದ, ತಮ್ಮಾ?” ಅಂದರು. ನಾನು ತಡವರಿಸಿದೆ. ಅಲ್ಲೇನು ನಡೀತು ಬಾಯಲ್ಲಿ ಹೇಳು ಅಂದರು. ನಡುವೆ ಕರೆಂಟ್ ಹೋಗಿತ್ತು, ಕೀಬೋರ್ಡ್ ಸತ್ತಿತ್ತು, ತಬಲಾದವನು ಒಬ್ಬನೇ ನಿಲ್ಲಿಸದೆ ಬಾರಿಸುತ್ತಿದ್ದ, ಕತ್ತಲಲ್ಲೇ ಜನ ಚಪ್ಪಾಳೆ ಹಾಕಿಕೊಂಡು ಉಳಿದ ಹಾಡನ್ನು ತಾವೇ ಹಾಡಿ ಮುಗಿಸಿದ್ದರು. ಕಾರ್ಯಕ್ರಮ ಕೆಟ್ಟ ಸಂಗತಿ ಅಂತ ನಾನು ಅದನ್ನೇ ಬಿಟ್ಟಿದ್ದೆ. ಅವರು ನನ್ನ ಪುಟವನ್ನು ನಾಲ್ಕು ಮಡಿಕೆ ಮಾಡಿ ಚಹಾ ಲೋಟದ ಕೆಳಗೆ ಇಟ್ಟುಕೊಂಡರು. ನಾನು ಮತ್ತೆ ಬರೆದೆ. ರಾತ್ರಿ ಹನ್ನೊಂದಾಗಿತ್ತು, ಊಟ ಇರಲಿಲ್ಲ.

ಅದೇ ಕಣ್ಣಿನಿಂದ ನಿಮ್ಮ ಹತ್ತರಿಂದ ಹದಿಮೂರು ನೋಡಿ. ಹತ್ತಕ್ಕೆ ಎಲೆಕ್ಟ್ರಿಕ್. ಹನ್ನೊಂದಕ್ಕೆ ‘ಔಟ್ ಆನ್ ದ ವೆಸ್ಟರ್ನ್ ಪ್ಲೇನ್’, ಅದು ಅಕೂಸ್ಟಿಕ್. ಹನ್ನೆರಡಕ್ಕೆ ಮತ್ತೆ ಎಲೆಕ್ಟ್ರಿಕ್. ಹದಿಮೂರಕ್ಕೆ ‘ಗೋಯಿಂಗ್ ಟು ಮೈ ಹೋಮ್ ಟೌನ್’, ಅದಕ್ಕೆ ಮ್ಯಾಂಡೊಲಿನ್. ಪಾಪ, ಆ ಮನುಷ್ಯ ನುಡಿಸಬೇಕೋ ವಾದ್ಯ ಎತ್ತಿಡಬೇಕೋ? ಹನ್ನೊಂದನೆಯದಕ್ಕೆ ಮಾಮೂಲಿ ಶ್ರುತಿಯೂ ಅಲ್ಲ. ಡಿ-ಎ-ಡಿ-ಜಿ-ಎ-ಡಿ, ಅಂದರೆ ಮೂರು ತಂತಿ ಇಳಿಸಬೇಕು. ಬೇರೆ ಗಿಟಾರ್ ರೆಡಿ ಇಟ್ಟಿದ್ದರೂ ಬಿಸಿ ದೀಪದ ಕೆಳಗೆ ಶ್ರುತಿ ನಿಲ್ಲುತ್ತದೆಯೇ? ಹನ್ನೊಂದು, ಹದಿಮೂರು ಎರಡೂ ಹಾಡನ್ನು ಅಕ್ಕಪಕ್ಕ ಇಡಿ. ಬ್ಯಾಂಡಿನವರು ನೀರು ಕುಡಿದು ಬರಲಿ, ರೋರಿ ಒಬ್ಬರೇ ಇರಲಿ. ಆಮೇಲೆ ಮ್ಯಾಂಡೊಲಿನ್ ಹಾಡಿಗೆ ಹಾಲ್ ಪೂರ್ತಿ ಕಾಲು ಕುಟ್ಟಲಿ. ‘ಮಿಲಿಯನ್ ಮೈಲ್ಸ್’ ಇದರ ಮುಂಚೆಯೋ ನಂತರವೋ, ನೀವೇ ತಲೆ ಕೆಡಿಸಿಕೊಳ್ಳಿ. ನಾನಾದರೆ ಮುಂಚೆ.

ಕೊನೆಯ ಎರಡು ಹಾಡಿನ ಬಗ್ಗೆ ನನ್ನ ತಕರಾರಿಲ್ಲ. ಪೀಠಿಕೆಯಲ್ಲಿ ಬ್ಲೂಸ್‌ನ ಇತಿಹಾಸ ಹೇಳಿದ್ದನ್ನು ನಾನು ಓದಲೇ ಇಲ್ಲ, ಕಿತ್ತುಹಾಕಿ. ಹದಿನಾರನ್ನು ಹನ್ನೆರಡಕ್ಕೆ ಇಳಿಸಿ. ರೋರಿ ಒಬ್ಬರೇ ನುಡಿಸುವಾಗ ಬೇಸ್ ವಾದಕ ಗೆರ್ರಿ ಮೆಕವಾಯ್ ಪರದೆ ಪಕ್ಕ ನಿಂತು ಏನು ಮಾಡುತ್ತಿದ್ದಾರೆ ಅಂತ ಎರಡು ಸಾಲು ಬರೆಯಿರಿ. ಇದು ನಿಮ್ಮ ಕನಸು ತಾನೇ, ನಿಮಗೆ ಕಂಡೇ ಇರುತ್ತದೆ. ತಿಂಗಳೊಳಗೆ ಕಳಿಸಿದರೆ ನಾನೇ ಓದುತ್ತೇನೆ.

ಇನ್ನೊಂದು. ಹೆಸರನ್ನು ಹನ್ನೊಂದು ಕಡೆ ‘ಗ್ಯಾಲಘರ್’ ಅಂತ ಬರೆದಿದ್ದೀರಿ. ಐರ್ಲೆಂಡಿನವರ ಬಾಯಲ್ಲಿ ಅದು ‘ಗ್ಯಾಲಹರ್’.