ಘಟ್ಟದ ಬಸ್ಸಿನ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ

ಪ್ರಶ್ನೆ: ನಮ್ಮದು ಕುಮಟಾ. ಮಗನಿಗೆ ಮೂರೂವರೆ ವರ್ಷ, ಆಟಿಸಂ ಇದೆ, ಮಾತಿಲ್ಲ. ಗಂಜಿ ಬೇಕಾದರೆ ನನ್ನ ಕೈ ಹಿಡಿದು ಪಾತ್ರೆ ಹತ್ತಿರ ಎಳೆಯುತ್ತಾನೆ. ನಾದಿನಿಯ ಮಗನಿಗೂ ಆಟಿಸಂ, ಆದರೆ ಅವನು ಮಾತಾಡುತ್ತಾನೆ. ಬಸುರಿಯಾಗಿದ್ದಾಗ ನಾನು ಕೆಲಸಕ್ಕೆಂದು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿ ಬರುತ್ತಿದ್ದೆ, ನಾದಿನಿ ಮನೆಯಲ್ಲೇ ಇದ್ದಳು. ಬಸ್ಸಿನ ಓಡಾಟದಿಂದಲೇ ನನ್ನ ಮಗನಿಗೆ ಜಾಸ್ತಿಯಾಗಿದ್ದು ಅಂತಾರೆ ಅತ್ತೆ. ಹುಟ್ಟಿನಿಂದ ಬಂದಿದ್ದಕ್ಕೆ ಥೆರಪಿ ಯಾಕೆ ಅಂತಾರೆ ಯಜಮಾನರು. ಏನು ಮಾಡಲಿ?

ಉತ್ತರ: ತಂಗಿ, ಬಸ್ಸಿನ ಮಾತು ಇವತ್ತೇ ತಲೆಯಿಂದ ತೆಗೆದುಹಾಕಿ. ಬಸ್ಸಿನ ಕುಲುಕಾಟದಿಂದ ಆಟಿಸಂ ಬರುವುದಿಲ್ಲ, ಜಾಸ್ತಿಯೂ ಆಗುವುದಿಲ್ಲ. ಮನೆಯಲ್ಲೇ ಇದ್ದ ನಾದಿನಿಯ ಮಗನಿಗೂ ಬಂದಿದೆ ಅಲ್ವಾ? ಹಿಂದೆ ವಿದೇಶದ ಡಾಕ್ಟರುಗಳೇ ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಅಂತ ಎಷ್ಟೋ ಅಮ್ಮಂದಿರನ್ನು ಅಳಿಸಿದ್ದರು. ಅದು ಸುಳ್ಳು ಅಂತ ಯಾವತ್ತೋ ಗೊತ್ತಾಗಿದೆ.

ಹಾಗಾದರೆ ಒಬ್ಬನಿಗೆ ಕಡಿಮೆ, ಇನ್ನೊಬ್ಬನಿಗೆ ಜಾಸ್ತಿ ಯಾಕೆ? ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪುಟ್ಟ ಮಕ್ಕಳ ರಕ್ತದಿಂದ ಕಾಂಡಕೋಶ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಮಾಡಿ, ಭ್ರೂಣದ ಮೆದುಳನ್ನು ಹೋಲುವ ಸಣ್ಣ ಉಂಡೆಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದರು. ಆಟಿಸಂ ಇರುವ ಮಕ್ಕಳ ಉಂಡೆಗಳು ಆಟಿಸಂ ಇಲ್ಲದ ಮಕ್ಕಳ ಉಂಡೆಗಳಿಗಿಂತ ಸುಮಾರು ಶೇ. 40ರಷ್ಟು ದೊಡ್ಡದಿದ್ದವು. ಉಂಡೆ ದೊಡ್ಡದಾದಷ್ಟೂ ಆ ಮಗುವಿಗೆ ಜನರೊಂದಿಗೆ ಬೆರೆಯುವ ಕಷ್ಟವೂ ಜಾಸ್ತಿ. ಕೆಲವೇ ಮಕ್ಕಳ ಮೇಲೆ ನಡೆದ ಸಣ್ಣ ಅಧ್ಯಯನ, ನಿಜ. ಆದರೂ ಅದು ಹೇಳುವುದು ಬಸುರಿನ ಮೊದಲ ವಾರಗಳ ಕಥೆ. ಎಷ್ಟೋ ಹೆಂಗಸರಿಗೆ ಆಗ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ! ಜೀನ್‌ಗಳ ಪಾಲೂ ದೊಡ್ಡದು. ಹಾಗಂತ "ನಿಮ್ಮ ಮನೆತನದ್ದೇ" ಅಂತ ಅತ್ತೆಗೆ ತಿರುಗಿಸಿ ಹೇಳಬೇಡಿ. ಅದನ್ನು ಯಾರೂ ಬೇಕಂತ ಕೊಡುವುದಿಲ್ಲ.

ನನಗೆ ಹೆಚ್ಚು ಚಿಂತೆಯಾಗಿದ್ದು ಯಜಮಾನರ ಮಾತು. ಹೊಟ್ಟೆಯಲ್ಲೇ ಶುರುವಾಯಿತು ಅಂದ ಮಾತ್ರಕ್ಕೆ ಅಲ್ಲಿಗೇ ಮುಗಿಯಲಿಲ್ಲ. ಹುಟ್ಟಿದ ಮೇಲೂ ಮೆದುಳು ಬೆಳೆಯುತ್ತದೆ, ಮಗು ಕಲಿಯುತ್ತದೆ. ನಿಮ್ಮ ಮಾಣಿ ಕೈ ಹಿಡಿದು ಎಳೆಯುತ್ತಾನಲ್ಲ, ಸದ್ಯಕ್ಕೆ ಅದೇ ಅವನ ಮಾತು. ಎಳೆದಾಗ ಸುಮ್ನೆ ಬಡಿಸಿಬಿಡಬೇಡಿ. ಅವನೆದುರು ಕೂತು ಗಂಜಿಯ ಫೋಟೋ ತೋರಿಸಿ, "ಗಂಜಿ" ಅನ್ನಿ, ಸ್ವಲ್ಪ ಕಾಯಿರಿ. ಫೋಟೋ ಮುಟ್ಟಿದರೂ ಸಾಕು, ಕೂಡಲೇ ಕೊಡಿ. ಫೋಟೋ ರೂಢಿಯಾದರೆ ಮಾತು ಬರಲ್ಲ ಅನ್ನೋ ಭಯ ಬೇಡ.

ಕಿವಿ ಪರೀಕ್ಷೆ ಆಗಿರದಿದ್ದರೆ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಇದೆ, ಯುಡಿಐಡಿ ಕಾರ್ಡಿಗೆ (ಸರಕಾರ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ) ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಥೆರಪಿ ಮಾತ್ರ ನಿಲ್ಲಿಸಬೇಡಿ. ಮುಂದಿನ ಸಲ ಮಗನನ್ನು ಯಜಮಾನರೇ ಕರೆದುಕೊಂಡು ಹೋಗಲಿ, ಮುಗಿಯುವ ತನಕ ಪಕ್ಕದಲ್ಲೇ ಕೂತು ನೋಡಲಿ.